ಪ್ರತಿದಿನ ನಡೆಯುತ್ತೇನೆ, ಆದರೂ ಕೈ ಊರದೆ ಏಳಲಾಗುತ್ತಿಲ್ಲ: ಕಾಲಿಗೆ ಬಲ ಬರಲು ಇನ್ನೇನು ಮಾಡಬೇಕು?

ಪ್ರಶ್ನೆ ಕೇಳಿದವರು: ಮುಂಜಾನೆ ನಡಿಗೆ

ನನಗೆ 58 ವರ್ಷ. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುವುದನ್ನು ಎಷ್ಟೋ ವರ್ಷಗಳಿಂದ ಬಿಡದೆ ಪಾಲಿಸಿಕೊಂಡು ಬಂದಿದ್ದೇನೆ. ಸಮತಟ್ಟಾದ ದಾರಿಯಾದರೆ ಎಷ್ಟು ದೂರ ಬೇಕಾದರೂ ಹೋಗಬಲ್ಲೆ, ಏದುಸಿರು ಬರುವುದಿಲ್ಲ. ಸಕ್ಕರೆ, ರಕ್ತದೊತ್ತಡ ಎರಡೂ ಹತೋಟಿಯಲ್ಲಿವೆ. ಆದರೆ ತಗ್ಗಾದ ಸೋಫಾದಿಂದ ಏಳುವಾಗ ಕೈ ತಾನಾಗಿಯೇ ತೊಡೆಯ ಮೇಲೆ ಊರಿಕೊಳ್ಳುತ್ತದೆ. ನೆಲದಿಂದ ಏಳಬೇಕಾದರೆ ಹಿಡಿದುಕೊಳ್ಳಲು ಹತ್ತಿರದಲ್ಲಿ ಏನಿದೆ ಎಂದು ಮೊದಲೇ ಕಣ್ಣು ಹಾಯಿಸುತ್ತೇನೆ. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಮಾತ್ರ ಮಂಡಿಚಿಪ್ಪಿನ ಸುತ್ತ ನೋವು, ಅದಕ್ಕಿಂತ ಹೆಚ್ಚಾಗಿ ಕಾಲು ಎಲ್ಲಿ ಕುಸಿದುಬಿಡುತ್ತದೋ ಎಂಬ ಅಳುಕು. ಎಕ್ಸ್‌ರೇ ನೋಡಿದ ವೈದ್ಯರು ‘ವಯಸ್ಸಿಗೆ ತಕ್ಕಷ್ಟು ಸವೆತ ಇದೆ, ಗಾಬರಿ ಬೇಡ, ಕಾಲಿನ ಸ್ನಾಯು ಗಟ್ಟಿ ಮಾಡಿಕೊಳ್ಳಿ’ ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನವರ ಸರದಿ ಬಂದಿತ್ತು.

ಮನೆಯಲ್ಲಿ ಇನ್ನಿಬ್ಬರದೂ ಕಾಲಿನದೇ ಕಥೆ. ಅಮ್ಮನಿಗೆ 81. ಜ್ವರ ಬಂದು ವಾರಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದರು. ಜ್ವರ ಹೋಯಿತು, ಆದರೆ ಕಾಲಿನ ಬಲ ಮರಳಲಿಲ್ಲ. ಈಗ ಕುರ್ಚಿಯಿಂದ ಏಳಬೇಕಾದರೂ ಯಾರಾದರೂ ಕೈ ಕೊಡಬೇಕು. ಮಗನಿಗೆ 24, ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಅವನು ಕುಕ್ಕರಗಾಲಿನಲ್ಲಿ ಕುಳಿತರೆ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ, ಹಿಂದಕ್ಕೆ ವಾಲುತ್ತಾನೆ.

ನನ್ನ ನಡಿಗೆ ಸಾಲುತ್ತಿಲ್ಲವೇ? ಸವೆದ ಮಂಡಿಗೆ ವ್ಯಾಯಾಮ ಮಾಡಿಸಿದರೆ ಇನ್ನಷ್ಟು ಸವೆಯುವುದಿಲ್ಲವೇ? 81ರಲ್ಲಿ ಶುರು ಮಾಡಿದರೆ ಪ್ರಯೋಜನ ಇದೆಯೇ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿವೃತ್ತ ಫಿಸಿಯೊಥೆರಪಿಸ್ಟ್

ಮೇಡಂ, ನಡಿಗೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ಮನಸ್ಸಿಗೆ ಅದರಿಂದ ಆಗುವ ಒಳ್ಳೆಯದು ದೊಡ್ಡದು. ಆದರೆ ಸಮತಟ್ಟಾದ ನೆಲದಲ್ಲಿ ಹೆಜ್ಜೆ ಹಾಕುವಾಗ, ಭಾರ ಬೀಳುವ ಹೊತ್ತಿಗೆ ಮಂಡಿ ತುಸುವೇ ಮಡಚಿರುತ್ತದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಖರ್ಚು ಮಾಡುತ್ತದೆ. ಅದೇ ದಾರಿ, ಅದೇ ವೇಗ ಎಂದು ವರ್ಷಗಟ್ಟಲೆ ನಡೆದರೆ ಬಲ ಹೆಚ್ಚಿಸಿಕೊಳ್ಳುವ ಅಗತ್ಯ ಆ ಸ್ನಾಯುವಿಗೆ ಬೀಳುವುದೇ ಇಲ್ಲ. ಹಾಗಾಗಿ ದಮ್ಮು ಚೆನ್ನಾಗಿದ್ದು ಕಾಲು ಸೋಲುವವರನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಂಡಿದ್ದೇನೆ. ನಿಮ್ಮ ಸ್ಥಿತಿ ವಿಚಿತ್ರವಲ್ಲ.

ಮೂವತ್ತು ದಾಟಿದ ಮೇಲೆ, ಏನೂ ಮಾಡದಿದ್ದರೆ, ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ, ಬಲಕ್ಕಿಂತಲೂ ಬೇಗ ಇಳಿಯುವುದು ಆ ಬಲವನ್ನು ಥಟ್ಟನೆ ಹೊರತರುವ ಸಾಮರ್ಥ್ಯ. ಎಡವಿದಾಗ ಇನ್ನೊಂದು ಕಾಲನ್ನು ಸರಕ್ಕನೆ ಮುಂದಿಟ್ಟು ಬೀಳದಂತೆ ಉಳಿಸುವುದು ಇದೇ ಸಾಮರ್ಥ್ಯ. ಆದ್ದರಿಂದ ನಿಮ್ಮ ಅಳುಕನ್ನು ನಾನು ನೋವಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಇನ್ನು ವಯಸ್ಸು. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಅದೂ ಹಗುರ ಭಾರವಲ್ಲ, ಅವರ ಶಕ್ತಿಗೆ ತಕ್ಕಂತೆ ನಿಜಕ್ಕೂ ಕಷ್ಟವಾಗುವ ಭಾರ. ತೊಡೆಯ ಬಲ ಸರಾಸರಿ 174 ಶೇಕಡಾ ಏರಿತು. 1994ರಲ್ಲಿ ಅದೇ ತಂಡ ನೂರು ಮಂದಿಯ ಮೇಲೆ ಹತ್ತು ವಾರ ಪರೀಕ್ಷಿಸಿದಾಗಲೂ ವ್ಯಾಯಾಮ ಮಾಡಿದವರ ಬಲ ಎರಡರಷ್ಟಾಯಿತು, ನಡಿಗೆಯ ವೇಗ ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಸುಧಾರಿಸಿತು. ‘ಈ ವಯಸ್ಸಿನಲ್ಲಿ ಇನ್ನೇನು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಾತನ್ನು ನಂಬಿ ಎಷ್ಟೋ ಹಿರಿಯರನ್ನು ಮನೆಯವರು ಪ್ರೀತಿಯಿಂದಲೇ ಕುರ್ಚಿಗೆ ಕಟ್ಟಿಹಾಕುತ್ತಾರೆ.

ಸವೆದ ಮಂಡಿಯ ಭಯಕ್ಕೆ ಬರುತ್ತೇನೆ. ಕೃತಕ ಮಂಡಿಯೊಳಗೆ ಅಳತೆಯ ಉಪಕರಣ ಅಳವಡಿಸಿ, ದಿನನಿತ್ಯದ ಚಲನೆಗಳಲ್ಲಿ ಕೀಲಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸಮತಟ್ಟಾದ ನಡಿಗೆಯಲ್ಲಿ ದೇಹದ ತೂಕದ ಸುಮಾರು 2.6 ಪಟ್ಟು. ಮೆಟ್ಟಿಲು ಇಳಿಯುವಾಗ ಸುಮಾರು 3.5 ಪಟ್ಟು. ಕುರ್ಚಿಯಿಂದ ಏಳುವಾಗ? ಸುಮಾರು 2.5 ಪಟ್ಟು. ಅಂದರೆ ಎದ್ದು ಕೂರುವ ವ್ಯಾಯಾಮ ನಿಮ್ಮ ಕೀಲಿಗೆ ಕೊಡುವ ಒಟ್ಟು ಹೊರೆ ನೀವು ಬೆಳಿಗ್ಗೆ ಹೆದರದೆ ಮಾಡುವ ನಡಿಗೆಗಿಂತ ಹೆಚ್ಚಲ್ಲ. ಆದರೆ ಮಂಡಿ ಆಳವಾಗಿ ಮಡಚಿರುವುದರಿಂದ ತೊಡೆಯ ಸ್ನಾಯು ಪಡುವ ಶ್ರಮ ಬಹಳ ಹೆಚ್ಚು. ಒಂದು ಎಚ್ಚರಿಕೆ ಇದೆ: ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪಿನ ಹಿಂಭಾಗದ ಒತ್ತಡ ಏರುತ್ತದೆ, ನಿಮಗೆ ನೋವಿರುವುದು ಅಲ್ಲಿಯೇ. ಆದ್ದರಿಂದ ತಗ್ಗಾದ ಸೋಫಾದಿಂದ ಆರಂಭಿಸಬೇಡಿ, ಎತ್ತರದ ಆಸನದಿಂದ ಆರಂಭಿಸಿ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಯ ನುಣುಪಾದ ಹೊದಿಕೆಗೆ, ಸ್ವಂತ ರಕ್ತನಾಳಗಳಿಲ್ಲ. ಹೊರೆ ಬಿದ್ದು ಬಿಟ್ಟು ಆಗುವಾಗ ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ. ಮಂಡಿಯನ್ನು ಅಲುಗಾಡಿಸದೆ ಜೋಪಾನ ಮಾಡುವುದು ಅದಕ್ಕೆ ಉಪಕಾರವಲ್ಲ.

ಮೊದಲು ನಿಮ್ಮನ್ನು ನೀವೇ ಅಳೆದುಕೊಳ್ಳಿ. ಕೈಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರಬಲ್ಲಿರಿ ಎಂದು ಎಣಿಸಿ. ಹಿರಿಯರು ಬೀಳುವ ಅಪಾಯವನ್ನು ಅಂದಾಜು ಮಾಡಲು ವೈದ್ಯರು ಬಳಸುವ ಪರೀಕ್ಷೆ ಇದು. 60ರಿಂದ 64ರ ವಯಸ್ಸಿನಲ್ಲಿ ಮಹಿಳೆಯರಿಗೆ 12ಕ್ಕಿಂತ, ಪುರುಷರಿಗೆ 14ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. 80ರಿಂದ 84ಕ್ಕೆ ಮಹಿಳೆಯರಿಗೆ ಅದು 9. ನಿಮ್ಮ ವಯಸ್ಸಿಗೆ 12 ಮುಟ್ಟಲೇಬೇಕು ಎಂದು ಇಟ್ಟುಕೊಳ್ಳಿ.

ಈಗ ವ್ಯಾಯಾಮ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಫಲ ಇರುವುದು ವಿವರದಲ್ಲಿಯೇ. ಆಸನದ ಮುಂಭಾಗಕ್ಕೆ ಸರಿದು ಕುಳಿತುಕೊಳ್ಳಿ. ಪಾದಗಳನ್ನು ಸೊಂಟದಗಲಕ್ಕೆ ಇಟ್ಟು, ಹಿಮ್ಮಡಿ ಮಂಡಿಗಿಂತ ತುಸು ಹಿಂದಿರುವಂತೆ ಎಳೆದುಕೊಳ್ಳಿ. ಬೆನ್ನು ಬಾಗಿಸದೆ ಸೊಂಟದಿಂದ ಮುಂದಕ್ಕೆ ಬಗ್ಗಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರಲಿ. ಕೈ ಊರದೆ ಏಳಲಾಗದ ಬಹಳಷ್ಟು ಮಂದಿ ಇಷ್ಟು ಮುಂದಕ್ಕೆ ಬಗ್ಗುವುದೇ ಇಲ್ಲ. ದೇಹದ ಭಾರ ಇನ್ನೂ ಕುರ್ಚಿಯ ಮೇಲಿರುವಾಗಲೇ ಏಳಲು ಹೋಗುತ್ತಾರೆ. ಭಾರ ಪಾದಕ್ಕೆ ಬಂದ ಮೇಲೆ, ನೆಲವನ್ನು ಕೆಳಕ್ಕೆ ತಳ್ಳುವಂತೆ ಒತ್ತಿ, ಚುರುಕಾಗಿ ಏಳಿ. ಮೇಲೆ ನಿಂತಾಗ ಪೃಷ್ಠದ ಸ್ನಾಯುವನ್ನು ಬಿಗಿ ಮಾಡಿ ನೆಟ್ಟಗೆ ನಿಲ್ಲಿ. ಮಂಡಿಗಳು ಒಳಕ್ಕೆ ಒಂದಕ್ಕೊಂದು ವಾಲಬಾರದು, ಎರಡನೆಯ ಬೆರಳಿನ ದಿಕ್ಕಿಗೇ ಇರಬೇಕು.

ಕೂರುವುದೇ ಇಲ್ಲಿ ಮುಖ್ಯ. ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಕೆಳಗಿಳಿಯಿರಿ. ಗಮನಿಸಿ ನೋಡಿ, ಆಸನ ಇನ್ನು ಗೇಣುದ್ದ ದೂರವಿದೆ ಎನ್ನುವಾಗ ತೊಡೆ ನಡುಗಿ, ದೊಪ್ಪನೆ ಬೀಳುವ ಆಸೆಯಾಗುತ್ತದೆ. ನಿಮ್ಮ ಕಾಲು ಬಲ ಕಳೆದುಕೊಂಡಿರುವುದು ಆ ಗೇಣುದ್ದದಲ್ಲಿಯೇ. ಮೆಟ್ಟಿಲು ಇಳಿಯುವಾಗ ಅಳುಕು ಹುಟ್ಟುವುದೂ ಇದೇ ಕಾರಣಕ್ಕೆ: ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯಬೇಕಾದ ಕೆಲಸ ಅದು. ಬೀಳದೆ, ಹೂವಿಟ್ಟಂತೆ ಕುಳಿತುಕೊಳ್ಳಲು ಬಂದ ದಿನ ಮೆಟ್ಟಿಲೂ ಸುಲಭವಾಗಿರುತ್ತದೆ. ಉಸಿರು ಬಿಗಿಹಿಡಿಯಬೇಡಿ, ಏಳುವಾಗ ಉಸಿರು ಬಿಡಿ. ರಕ್ತದೊತ್ತಡ ಇರುವ ನೀವು ಇದನ್ನು ಮರೆಯಲೇಬಾರದು.

ಎಂಟರಿಂದ ಹನ್ನೆರಡು ಸಲ, ನಡುವೆ ಒಂದೆರಡು ನಿಮಿಷ ವಿಶ್ರಾಂತಿ, ಒಟ್ಟು ಮೂರು ಸುತ್ತು. ವಾರದಲ್ಲಿ ಎರಡು ಅಥವಾ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡಿ. ಕೊನೆಯ ಎರಡು ಸಲ ಕಷ್ಟವಾಗಬೇಕು. ಹನ್ನೆರಡೂ ಆರಾಮವಾಗಿ ಆಗುತ್ತಿದೆ ಎಂದರೆ ಆಸನವನ್ನು ತಗ್ಗಿಸಿ, ಇಲ್ಲವೇ ಎದೆಗೆ ಒಂದು ಭಾರವನ್ನು ಅಪ್ಪಿಕೊಳ್ಳಿ. ಜನರು ಬಿಟ್ಟುಬಿಡುವುದು ಈ ಹಂತವನ್ನೇ. ಅದೇ ಕುರ್ಚಿ, ಅದೇ ಹನ್ನೆರಡು ಎಂದು ತಿಂಗಳುಗಟ್ಟಲೆ ಮಾಡಿದರೆ ಅದು ಇನ್ನೊಂದು ನಡಿಗೆಯಾಗುತ್ತದೆ ಅಷ್ಟೆ.

ಇದರ ಜೊತೆಗೆ ಮೀನಖಂಡವನ್ನು ಸೇರಿಸಿ. ಗಟ್ಟಿ ಮೇಜು ಹಿಡಿದು ತುದಿಗಾಲಿನ ಮೇಲೆ ಏರಿ, ನಿಧಾನವಾಗಿ ಇಳಿಯಿರಿ. ಎರಡು ಕಾಲಿನಲ್ಲಿ ಸುಲಭವಾದ ಮೇಲೆ ಒಂದೇ ಕಾಲಿನಲ್ಲಿ. ನಡೆಯುವಾಗ ದೇಹವನ್ನು ಮುಂದಕ್ಕೆ ತಳ್ಳುವುದು ಈ ಸ್ನಾಯು. ಬೆನ್ನು ಗೋಡೆಗೆ ಒರಗಿಸಿ, ಹಿಮ್ಮಡಿ ಊರಿ, ಪಾದದ ಮುಂಭಾಗವನ್ನು ಎತ್ತಿ ಇಳಿಸುವುದನ್ನೂ ಮಾಡಿ. ಬೆರಳು ನೆಲಕ್ಕೆ ತಗಲಿ ಎಡವುವುದು ಕಡಿಮೆಯಾಗುತ್ತದೆ.

ನೋವಿನ ಬಗ್ಗೆ ನನ್ನ ನಿಯಮ ಇಷ್ಟು: ಮಾಡುವಾಗ ಸಹಿಸುವಷ್ಟು ನೋವು ಬಂದು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಮಂಡಿ ಊದಿಕೊಂಡರೆ ಅಥವಾ ನೋವು ಮರುದಿನಕ್ಕೂ ಏರಿಯೇ ಇದ್ದರೆ ಪ್ರಮಾಣ ಇಳಿಸಿ. ವ್ಯಾಯಾಮದಿಂದ ತೊಡೆಯ ಸ್ನಾಯುವಿಗೆ ಬರುವ ನೋವು ಬೇರೆ, ಅದು ಒಂದರಿಂದ ಮೂರು ದಿನ ಇದ್ದು ತಾನಾಗಿ ಹೋಗುತ್ತದೆ. ಆದರೆ ಮಂಡಿ ಮಡಚಿದಲ್ಲಿಯೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಕಾಲಿನಲ್ಲಿ ಹೊಸದಾಗಿ ಮರಗಟ್ಟುವಿಕೆ ಅಥವಾ ಮೂತ್ರದ ಹತೋಟಿ ತಪ್ಪುವುದು ಕಂಡರೆ, ಎದೆನೋವು ಬಂದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರ ಬಳಿ ಹೋಗಬೇಕು.

ಉತ್ತರ: ಮೂರನೇ ಮಹಡಿ

ನನಗೆ 66. ಲಿಫ್ಟ್ ಇಲ್ಲದ ಮನೆ, ಹಾಗಾಗಿ ಮೆಟ್ಟಿಲಿನ ಭಯ ನನಗೆ ಚೆನ್ನಾಗಿ ಗೊತ್ತು. ಸರ್ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಕುರ್ಚಿಯ ವ್ಯಾಯಾಮದಿಂದ ಏಳುವುದು ಬೇಗ ಸುಧಾರಿಸಿತು, ಇಳಿಯುವ ಅಳುಕು ಮಾತ್ರ ಹೋಗಲಿಲ್ಲ. ಅದಕ್ಕೆ ಇಳಿಯುವುದನ್ನೇ ಅಭ್ಯಾಸ ಮಾಡಬೇಕಾಯಿತು. ಅತಿ ತಗ್ಗಿನ ಒಂದು ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತು, ಒಂದು ಕಾಲಿನ ಹಿಮ್ಮಡಿಯನ್ನು ಕೆಳಗೆ ಇಳಿಸಿ ನೆಲಕ್ಕೆ ಮೆತ್ತಗೆ ಮುಟ್ಟಿಸಿ, ಭಾರ ಹಾಕದೆ ಮತ್ತೆ ಮೇಲಕ್ಕೆ ತರುವುದು. ಕೆಲಸವೆಲ್ಲ ಮೇಲೆ ನಿಂತ ಕಾಲಿನದು. ಆರಂಭದಲ್ಲಿ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ, ಈಗ ಬೆರಳು ಆನಿಸಿದರೆ ಸಾಕು.

ಇನ್ನೊಂದು ಮಾತು, ಇದು ಹೆಂಗಸರಿಗೆ. ಭಾರ ಎತ್ತುವುದು ನಮಗಲ್ಲ ಎಂಬ ಸಂಕೋಚ ಬಿಡಿ. ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಅದರೊಳಗೆ ಭಾರ ಏರಿಸುತ್ತಾ ಹೋದೆ. ಕೈಯಲ್ಲಿ ಡಂಬೆಲ್ ಹಿಡಿಯುವುದಕ್ಕಿಂತ ನನಗೆ ಅದೇ ಹಿತ.

ಪ್ರಶ್ನೆ ಕೇಳಿದವರು: ಮುಂಜಾನೆ ನಡಿಗೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಪರೀಕ್ಷೆ ಮಾಡಿಕೊಂಡೆ, 30 ಸೆಕೆಂಡಿಗೆ 10 ಬಂತು. ಸರ್ ಹೇಳಿದ ಆ ಗೇಣುದ್ದ ನಿಜ, ಕೊನೆಯ ಮೂರು ಸಲ ತಡೆಯಲಾಗದೆ ಕುಸಿದು ಕುಳಿತೆ. ಅಮ್ಮನಿಗೆ ಕೈಕಟ್ಟಿ ಒಂದು ಸಲವೂ ಏಳಲಾಗಲಿಲ್ಲ. ‘ನನ್ನಿಂದ ಆಗುವುದಿಲ್ಲ ಬಿಡು’ ಎಂದು ಮುಖ ತಿರುಗಿಸಿಬಿಟ್ಟರು. ಅವರಿಗೆ ಎಲ್ಲಿಂದ ಶುರು ಮಾಡಿಸಲಿ? ಹಾಸಿಗೆಯಿಂದ ಎದ್ದ ಕೂಡಲೇ ತಲೆ ತಿರುಗುತ್ತದೆ ಎಂದೂ ಹೇಳುತ್ತಾರೆ. ಮಗನ ಹಿಮ್ಮಡಿಯ ವಿಷಯವೂ ಹಾಗೆಯೇ ಉಳಿಯಿತು.

ಉತ್ತರ: ನಿವೃತ್ತ ಫಿಸಿಯೊಥೆರಪಿಸ್ಟ್

ಅಮ್ಮನಿಗೆ ಅದನ್ನು ಪರೀಕ್ಷೆ ಎಂದು ಮತ್ತೆ ಮಾಡಿಸಬೇಡಿ. ಮೊದಲ ಸಲವೇ ಆಗದು ಎಂದು ಗೊತ್ತಾದ ಕೆಲಸಕ್ಕೆ ಯಾರಿಗೂ ಮನಸ್ಸು ಬಾರದು. ಮೊದಲು ತಲೆಸುತ್ತನ್ನು ವೈದ್ಯರಿಗೆ ತಿಳಿಸಿ. ಮಲಗಿದಾಗ ಮತ್ತು ನಿಂತ ಮೇಲೆ ರಕ್ತದೊತ್ತಡ ನೋಡಿ, ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೂ ಪರಿಶೀಲಿಸಬೇಕಾಗುತ್ತದೆ. ಅಲ್ಲಿಯವರೆಗೂ ಹಾಸಿಗೆಯಿಂದ ಏಳುವ ಮುನ್ನ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು, ಪಾದವನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಲಿ.

ಹಾಸಿಗೆ ಹಿಡಿದಾಗ ಹೋದ ಬಲದ ಬಗ್ಗೆ ಹೇಳಲೇಬೇಕು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಮಲಗಿಸಿ ನೋಡಿದ 2007ರ ಅಧ್ಯಯನದಲ್ಲಿ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯುಭಾಗ ಕಳೆದುಹೋಗಿತ್ತು. ಅವರಿಗೆ ಕಾಯಿಲೆಯೂ ಇರಲಿಲ್ಲ. ನಿಮ್ಮ ಅಮ್ಮನಿಗೆ ಜ್ವರವೂ ಇತ್ತು, ಹಸಿವೂ ಇದ್ದಿರಲಾರದು. ಇದು ಅವರ ಸೋಮಾರಿತನವಲ್ಲ, ವಯಸ್ಸಿನ ಸಹಜ ಕುಸಿತವೂ ಅಲ್ಲ. ಕಳೆದುಕೊಂಡದ್ದರಲ್ಲಿ ಬಹುಪಾಲನ್ನು ಮರಳಿ ಪಡೆಯುವ ಸಾಧ್ಯತೆ ಇದೆ ಎಂದು ಅವರಿಗೆ ಬಿಡಿಸಿ ಹೇಳಿ.

ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಗಟ್ಟಿಯಾದ ದಿಂಬುಗಳನ್ನು ಜಾರದಂತೆ ಹಾಕಿ ಆಸನವನ್ನು ಎತ್ತರಿಸಿ, ಅವರು ಎರಡೂ ಕೈ ಊರಿ ಯಾರ ನೆರವೂ ಇಲ್ಲದೆ ಏಳುವ ಎತ್ತರ ಯಾವುದೋ ಅಲ್ಲಿಂದ ಆರಂಭ. ಆದರೆ ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ನೀವು ಮುಂದೆ ನಿಂತು ಕೈ ಹಿಡಿದು ಎಳೆಯಬೇಡಿ. ಎಳೆದಾಗ ಅವರು ಹಿಂದಕ್ಕೆ ವಾಲುತ್ತಾರೆ, ತೊಡೆಗೆ ಕೆಲಸವೇ ಇರುವುದಿಲ್ಲ, ಭುಜಕ್ಕೂ ಪೆಟ್ಟು. ಪಕ್ಕದಲ್ಲಿ ನಿಂತು, ಸೊಂಟದ ಹಿಂದೆ ಕೈ ಇಟ್ಟುಕೊಂಡಿರಿ, ಅಷ್ಟೆ. ಮೂರೋ ನಾಲ್ಕೋ ಸಲ, ದಿನದಲ್ಲಿ ಕೆಲವು ಬಾರಿ, ಹೇಗೂ ಏಳಬೇಕಾದ ಹೊತ್ತಿನಲ್ಲಿಯೇ. ನಂತರ ಒಂದು ಕೈ, ನಂತರ ಬೆರಳ ತುದಿ, ನಂತರ ಒಂದು ದಿಂಬು ಕಡಿಮೆ. ಅವರು ಎಷ್ಟು ಎತ್ತರದಿಂದ ಎದ್ದರು ಎಂದು ಬರೆದಿಡಿ. ಎತ್ತರ ಇಳಿಯುವುದು ಅವರಿಗೇ ಕಾಣಬೇಕು.

ನಿಲ್ಲುವುದು ಸ್ವಲ್ಪ ಗಟ್ಟಿಯಾದ ಮೇಲೆ ಸಮತೋಲನವನ್ನೂ ಸೇರಿಸಿ. ಮೇಜು ಹಿಡಿದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನಿಲ್ಲುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆಯನ್ನು ವಾರಕ್ಕೆ ಮೂರು ದಿನವಾದರೂ ಮಾಡಲು ಹೇಳುತ್ತದೆ. ಊಟದಲ್ಲಿ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂದೂ ನೋಡಿ. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಮಗನಿಗೆ ಮಂಡಿಯಲ್ಲಿ ಅಲ್ಲ, ಪಾದದ ಕೀಲಿನಲ್ಲಿ ಬಿಗಿ ಇರುವ ಸಂಭವ ಹೆಚ್ಚು. ಗೋಡೆಗೆ ಎದುರಾಗಿ, ಒಂದು ಪಾದದ ಹೆಬ್ಬೆರಳು ಗೋಡೆಯಿಂದ ಒಂದು ಮುಷ್ಟಿಯಷ್ಟು ದೂರ ಇರುವಂತೆ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ. ಮುಟ್ಟದಿದ್ದರೆ ಅಲ್ಲಿಯೇ ಬಿಗಿ ಇದೆ. ಅದೇ ಚಲನೆಯನ್ನೇ ದಿನವೂ ಮಾಡಲಿ, ಮುಟ್ಟಿದಂತೆ ಪಾದವನ್ನು ಬೆರಳಗಲ ಹಿಂದಕ್ಕೆ ಸರಿಸಲಿ. ಜೊತೆಗೆ ಹಿಮ್ಮಡಿಯ ಕೆಳಗೆ ತೆಳುವಾದ ಹಲಗೆ ಇಟ್ಟು, ಏನಾದರೂ ಗಟ್ಟಿಯಾದದ್ದನ್ನು ಹಿಡಿದು ಕುಕ್ಕರಗಾಲಿನಲ್ಲಿ ಕೂರುವ ಅಭ್ಯಾಸ. ಸಡಿಲವಾದಂತೆ ಹಲಗೆ ತೆಳುವಾಗುತ್ತಾ ಹೋಗಲಿ. ಆ ವಯಸ್ಸಿಗೆ ಬಸ್ಕಿಯೂ ಸೇರಬೇಕು.

‘ಮೂರನೇ ಮಹಡಿ’ಯವರ ಇಳಿಯುವ ಅಭ್ಯಾಸ ಬಹಳ ಒಳ್ಳೆಯದು. ನಿಮ್ಮ ಎಣಿಕೆ 12 ಮುಟ್ಟಿದ ಮೇಲೆ, ಚಿಪ್ಪಿನ ನೋವು ಇಳಿದಿದ್ದರೆ ಅದಕ್ಕೆ ಕೈ ಹಾಕಿ, ಅದಕ್ಕೂ ಮೊದಲು ಬೇಡ. ಒಂದೆರಡು ತಿಂಗಳಾದ ಮೇಲೆ ಇಲ್ಲಿಯೇ ಬರೆಯಿರಿ. ಆಸನದ ಎತ್ತರ ಎಷ್ಟು, ಎಷ್ಟು ಸಲ ಆಗುತ್ತಿದೆ, ಮರುದಿನ ಮಂಡಿ ಹೇಗಿರುತ್ತದೆ, ಇಷ್ಟು ತಿಳಿಸಿದರೆ ಮುಂದಿನದನ್ನು ನೋಡೋಣ.